ಹನ್ನೊಂದು-ಹನ್ನೆರಡರ ವಯಸ್ಸಿಗೆ ಹುಡುಗಿಯರು ಚೆಸ್ ಬಿಡುತ್ತಿದ್ದಾರೆ, ಏನು ಮಾಡಬಹುದು?

ಹೊಸಕೋಚ್:
ಆರಂಭದ ಬ್ಯಾಚಿಗೆ ಹುಡುಗಿಯರು ಚೆನ್ನಾಗಿಯೇ ಸೇರುತ್ತಾರೆ. ಒಂದೆರಡು ಟೂರ್ನಮೆಂಟ್ ಆದಮೇಲೆ ಒಬ್ಬೊಬ್ಬರೇ ನಿಲ್ಲಿಸುತ್ತಾರೆ. ಅವರಿಗೆ ಬೇರೆ ಬ್ಯಾಚ್ ಮಾಡಬೇಕಾ? ಮೊದಲ ಟೂರ್ನಮೆಂಟಿಗೆ ಹೇಗೆ ತಯಾರು ಮಾಡೋದು? ಕೆಲವರ ತಾಯಂದಿರೂ ಕಲಿಯಬೇಕು ಅಂತಿದ್ದಾರೆ, ಅವರಿಗೆ ಎಲ್ಲಿಂದ ಶುರು ಮಾಡಲಿ?

ಕರಿಕುದುರೆ:
ಬೇರೆ ಬ್ಯಾಚಾ, ಒಟ್ಟಿಗಾ ಅನ್ನೋದು ಆಮೇಲಿನ ಮಾತು. ಯಾವ ಬ್ಯಾಚಿನಲ್ಲೂ ಒಬ್ಬಳೇ ಹುಡುಗಿ ಉಳಿಯಬಾರದು. ನಾಲ್ಕು ಬ್ಯಾಚಿಗೆ ಒಬ್ಬೊಬ್ಬಳನ್ನು ಹಂಚುವ ಬದಲು ನಾಲ್ವರನ್ನೂ ಒಂದೇ ಕಡೆ ಹಾಕಿ, ಮಟ್ಟದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಪರವಾಗಿಲ್ಲ. ಆಡೋದು ಎಲ್ಲರ ಜೊತೆ, ಆಡಿದ ಆಟದ ವಿಶ್ಲೇಷಣೆಗೆ ವಾರಕ್ಕೊಂದು ಗಂಟೆ ಹುಡುಗಿಯರಿಗೇ ಪ್ರತ್ಯೇಕ. ಒಟ್ಟಿಗೆ ಕೂತಾಗ ಉತ್ತರ ಕೂಗಿ ಹೇಳೋರದ್ದೇ ಮೇಲುಗೈ, ಯೋಚಿಸಿ ಹೇಳೋರ ಸರದಿ ಬರೋದೇ ಇಲ್ಲ.

ಆರ್ಬಿಟರ್_64:
ಟೂರ್ನಮೆಂಟ್ ಬಗ್ಗೆ. ಸ್ವಿಸ್ ಪದ್ಧತಿಯಲ್ಲಿ (ಸೋತರೂ ಹೊರಹೋಗದೆ, ಪ್ರತಿ ಸುತ್ತಿಗೂ ಹೆಚ್ಚುಕಮ್ಮಿ ಅಷ್ಟೇ ಅಂಕ ಇರೋರ ಜೊತೆ ಆಡೋದು) ಮೊದಲ ಸುತ್ತಿಗೆ ರೇಟಿಂಗ್ (ಆಟದ ಮಟ್ಟ ತೋರಿಸೋ ಅಂಕಿ) ಪಟ್ಟಿಯ ಮೇಲರ್ಧದವರನ್ನು ಕೆಳಗರ್ಧದವರ ಜೊತೆ ಜೋಡಿಸುತ್ತಾರೆ. ರೇಟಿಂಗ್ ಇಲ್ಲದ ಮಗು ಪಟ್ಟಿಯ ಕೊನೆಯಲ್ಲಿರುತ್ತೆ, ಹಾಗಾಗಿ ಮೊದಲ ಎದುರಾಳಿ ಬಲವಾದವರೇ ಇರುತ್ತಾರೆ. ಸಮಬಲದವರು ಸಿಗೋದು ಮೂರು-ನಾಲ್ಕನೇ ಸುತ್ತಿನ ಹೊತ್ತಿಗೆ. ಇದು ಗೊತ್ತಿಲ್ಲದೆ ಎರಡು ಸೋಲಿಗೇ ಮನೆಯವರು ಮಗಳನ್ನು ವಾಪಸ್ ಕರೆದುಕೊಂಡು ಹೋಗಿಬಿಡುತ್ತಾರೆ. ಮೊದಲೇ ಹೇಳಿಡಿ.

ಇನ್ನೊಂದು, ಗಡಿಯಾರ ನಿಲ್ಲಿಸಿ ಕೈ ಎತ್ತಿ ತೀರ್ಪುಗಾರರನ್ನು, ಅಂದರೆ ಆರ್ಬಿಟರ್‌ನ ಕರೆಯೋದನ್ನು ಕ್ಲಾಸಿನಲ್ಲೇ ಅಭ್ಯಾಸ ಮಾಡಿಸಿ. ಎದುರಾಳಿ ಕಾಯಿ ಮುಟ್ಟಿ ಬೇರೆಯದನ್ನು ನಡೆಸಿದರೆ, ನಿಯಮಬಾಹಿರ ನಡೆ ಆಡಿದರೆ, ಡ್ರಾ ಡ್ರಾ ಅಂತ ಪೀಡಿಸಿದರೆ, ಸಂಕೋಚದಿಂದ ಸುಮ್ಮನಿರೋ ಮಕ್ಕಳೇ ಜಾಸ್ತಿ. ಸ್ಟ್ಯಾಂಡರ್ಡ್ (ದೀರ್ಘ ಸಮಯದ) ಆಟದಲ್ಲಿ ನಿಯಮಬಾಹಿರ ನಡೆಗೆ ಎದುರಾಳಿಗೆ 2 ನಿಮಿಷ ಹೆಚ್ಚುವರಿ ಸಿಗುತ್ತೆ, ಅದೇ ತಪ್ಪು ಎರಡನೇ ಸಲವಾದರೆ ಆಟವೇ ಹೋಗುತ್ತೆ. ಪದೇಪದೇ ಡ್ರಾ ಕೇಳೋದು ಫಿಡೆ (ಅಂತರರಾಷ್ಟ್ರೀಯ ಚೆಸ್ ಸಂಸ್ಥೆ) ನಿಯಮ 11.5ರ ಪ್ರಕಾರ ಕಿರಿಕಿರಿ ಮಾಡಿದ ಹಾಗೆ. ಸ್ಕೋರ್‌ಶೀಟ್ ಬರೆಯುವ ಆಟದಲ್ಲಿ ಪ್ರತಿ ಡ್ರಾ ಪ್ರಸ್ತಾಪಕ್ಕೂ (=) ಗುರುತು ಹಾಕಬೇಕು. ಆರೇಳು ನಡೆಯಲ್ಲಿ ಮೂರು (=) ಕಂಡರೆ ಆರ್ಬಿಟರ್‌ಗೆ ಬೇರೆ ಸಾಕ್ಷಿ ಬೇಡ.

ಬಿಳಿಆನೆ:
ಹುಡುಗಿಯರ ಪ್ರತ್ಯೇಕ ಟೂರ್ನಮೆಂಟ್‌ಗಳನ್ನೇ ನಂಬಿಕೊಂಡರೆ ಕಷ್ಟ. ಆಡುವವರು ಕಡಿಮೆ, ಅದೇ ಎದುರಾಳಿಗಳು ಮತ್ತೆ ಮತ್ತೆ ಸಿಗುತ್ತಾರೆ. ಟೈಟಲ್ (ಬಿರುದು) ಕಥೆಯೂ ಅಷ್ಟೇ, ಹೆಂಗಸರಿಗೇ ಮೀಸಲಾದದ್ದರ ಮಟ್ಟ ಕೆಳಗೆ: ವುಮನ್ ಗ್ರ್ಯಾಂಡ್‌ಮಾಸ್ಟರ್‌ಗೆ 2300 ರೇಟಿಂಗ್, ಗ್ರ್ಯಾಂಡ್‌ಮಾಸ್ಟರ್‌ಗೆ 2500. ಮಹಿಳಾ ಟೈಟಲನ್ನು ಮೆಟ್ಟಿಲು ಅಂತ ತೋರಿಸಿ, ಗುರಿ ಅಂತ ಅಲ್ಲ. ಹಂಗೇರಿಯ ಜೂಡಿತ್ ಪೋಲ್ಗಾರ್ 1991ರಲ್ಲಿ, 15ನೇ ವಯಸ್ಸಿಗೇ ಗ್ರ್ಯಾಂಡ್‌ಮಾಸ್ಟರ್ ಆದರು, 2005ರಲ್ಲಿ 2735 ರೇಟಿಂಗ್ ಮುಟ್ಟಿದರು. ಕೊನೇರು ಹಂಪಿಯವರೂ 2002ರಲ್ಲಿ 15ಕ್ಕೇ ಗ್ರ್ಯಾಂಡ್‌ಮಾಸ್ಟರ್. ಇವರ ಆಟಗಳನ್ನು ಮಹಿಳಾ ದಿನಕ್ಕೆ ಮಾತ್ರ ತೆಗೆಯಬೇಡಿ, ದಿನದ ಪಾಠಕ್ಕೇ ಬಳಸಿ, ಹುಡುಗರಿಗೂ ಸೇರಿಸಿ.

ವಿಶ್ವ ರೇಟಿಂಗ್ ಪಟ್ಟಿಯ ತುದಿಯಲ್ಲಿ ಹೆಂಗಸರು ಯಾಕಿಲ್ಲ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಲೆಕ್ಕ ಹೇಳಿ: ಆಡುವ ಹೆಂಗಸರೇ ಕಡಿಮೆ, ಎರಡು ಗುಂಪಿನ ಸಾಮರ್ಥ್ಯ ಒಂದೇ ಇದ್ದರೂ ನೂರು ಜನರಲ್ಲಿ ಮೊದಲಿಗರಿಗಿಂತ ಸಾವಿರ ಜನರಲ್ಲಿ ಮೊದಲಿಗರು ಸಾಮಾನ್ಯವಾಗಿ ಮುಂದಿರುತ್ತಾರೆ. ಪೂರ್ತಿ ಅಂತರಕ್ಕೆ ಇದೊಂದೇ ಕಾರಣವಾ ಅನ್ನೋ ವಾದ ಇದ್ದೇ ಇದೆ, ಅದನ್ನು ಮುಚ್ಚಿಡಬೇಕಿಲ್ಲ.

ಕರಿಕುದುರೆ:
@ಬಿಳಿಆನೆ ಒಪ್ಪಿದೆ, ಆದರೆ ಮೊದಲ ವರ್ಷಕ್ಕೆ ಹುಡುಗಿಯರ ಟೂರ್ನಮೆಂಟ್ ಒಳ್ಳೇದೇ. ಅಲ್ಲಿ ಸಿಗೋ ಗೆಳತಿಯರಿಗೋಸ್ಕರವೇ ಮುಂದಿನ ಟೂರ್ನಮೆಂಟಿಗೆ ಬರುತ್ತಾರೆ.

ಕಾಲಾಳು:
ತಾಯಂದಿರಿಗೆ ಓಪನಿಂಗ್ (ಆಟದ ಆರಂಭದ ಸಿದ್ಧ ನಡೆಗಳು) ಬೇಡವೇ ಬೇಡ. ಮೊದಲ ದಿನ ರಾಜ ಮತ್ತು ಎಂಟೆಂಟು ಪಾನ್ (ಕಾಲಾಳು) ಮಾತ್ರ ಇಡಿ, ಮೊದಲು ಪಾನ್‌ನಿಂದ ಕೊನೆಯ ಸಾಲು ಮುಟ್ಟಿದವರು ಗೆದ್ದ ಹಾಗೆ. ಹತ್ತು ನಿಮಿಷಕ್ಕೆ ಒಂದಾಟ ಮುಗಿಯುತ್ತೆ. ಮುಂದಿನ ಸಲ ಆನೆ ಸೇರಿಸಿ, ಆಮೇಲೆ ಒಂಟೆ, ಕುದುರೆ, ಕಡೆಗೆ ರಾಣಿ. ರಾಣಿ ಬೇಗ ಬಂದರೆ ಬೇರೆ ಕಾಯಿ ಯಾರೂ ಕದಲಿಸಲ್ಲ! ಮೊದಲ ತಿಂಗಳು ಗಡಿಯಾರ ಇಡಬೇಡಿ. ಎಂಟು ವರ್ಷದ ಮಕ್ಕಳ ಎದುರಂತೂ ಕೂರಿಸಲೇಬೇಡಿ, ಆ ಮಕ್ಕಳು ನಾಲ್ಕು ನಡೆಗೆ ಚೆಕ್‌ಮೇಟ್ ಮಾಡಿ ನಗುತ್ತವೆ, ಮರುವಾರ ಬೋರ್ಡ್ ಖಾಲಿ.