ಉಗ್ರಾಣದ ಮರದ ಶೆಲ್ಫ್: ಪಿನ್ ನಾಲ್ಕಿದ್ದರೂ ಹಲಗೆ ಮೂರರ ಮೇಲಷ್ಟೇ ಕೂರುತ್ತಿದೆ

ತೀರ್ಥಹಳ್ಳಿ ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಉಗ್ರಾಣದಲ್ಲಿ ಗೋಡೆಗೆ ಕೂರಿಸಿದ ಕಡಪ ಕಲ್ಲಿನ ಹಲಗೆಗಳಿದ್ದವು. ಎರಡರ ನಡುವೆ ಉಪ್ಪಿನಕಾಯಿ ಭರಣಿ ಹಿಡಿಸುವುದಿಲ್ಲ. ಸಣ್ಣ ಡಬ್ಬಿ ಇಟ್ಟರೆ ಮೇಲಿನ ಅರ್ಧ ಜಾಗ ದಂಡ. ಅದಕ್ಕೇ ಎತ್ತರ ಬದಲಿಸಿಕೊಳ್ಳುವಂಥ ಮರದ ಶೆಲ್ಫ್ ಮಾಡಿದೆ. 18 ಎಂಎಂ ಬಿಡಬ್ಲ್ಯುಪಿ (ನೀರು ತಡೆಯುವ) ಪ್ಲೈ. ಎತ್ತರ 6 ಅಡಿ, ಅಗಲ 32 ಇಂಚು, ಆಳ 15 ಇಂಚು. ಎರಡೂ ಪಕ್ಕದ ಹಲಗೆಗೆ ಮುಂದೊಂದು, ಹಿಂದೊಂದು ಸಾಲು 5 ಎಂಎಂ ತೂತು, 32 ಎಂಎಂಗೆ ಒಂದರಂತೆ. ಬೇಕಾದ ಎತ್ತರದ ತೂತುಗಳಿಗೆ ನಾಲ್ಕು ಪಿನ್ ಸಿಕ್ಕಿಸಿ ಅವುಗಳ ಮೇಲೆ ಹಲಗೆ ಇಡುವುದು. ಹಿಂಬದಿ ಖಾಲಿ, ಗಾಳಿಯಾಡಲಿ ಅಂತ.

ತೊಂದರೆ ಏನಂದ್ರೆ, ಮುಂದಿನ ಬಲ ಮೂಲೆ ಪಿನ್‌ಗೆ ತಾಗುವುದೇ ಇಲ್ಲ. ಸುಮಾರು 2 ಎಂಎಂ ಸಂದು. ಡಬ್ಬಿ ಎಳೆದಾಗಲೆಲ್ಲ ಟಕ್ ಅನ್ನುತ್ತೆ. ತೂತು ಏರುಪೇರಾಗಿದೆಯಾ, ಹಲಗೆ ಸೊಟ್ಟಗಾಗಿದೆಯಾ? ಎಲ್ಲ ತೂತೂ ಮುಚ್ಚಿ ಹೊಸದಾಗಿ ಕೊರೆಯಬೇಕಾ?

ಕುಡ್ಲದವ:
ಮೇಡಂ, ಹಲಗೆ ತೆಗೆದು ತಲೆಕೆಳಗೆ ಮಾಡಿ ಇಟ್ಟು ನೋಡಿ. ಆಗಲೂ ಅದೇ ಮೂಲೆ ತೇಲಿದರೆ ತೂತಿನದೇ ತಪ್ಪು, ಹಲಗೆಯದಲ್ಲ.

ಉಳಿಬಾಚಿ:
ಕುಡ್ಲದವರೇ, ಈ ಪರೀಕ್ಷೆ ತುಂಬ ಜನ ಹೇಳುತ್ತಾರೆ, ಆದರೆ ಇಲ್ಲಿ ಅದು ನಡೆಯುವುದಿಲ್ಲ. ತಿರುಚಿಕೊಂಡ ಹಲಗೆಯನ್ನು ಹೇಗೆ ತಿರುಗಿಸಿ ಇಟ್ಟರೂ ತಿರುಚು ಅದೇ ದಿಕ್ಕಿಗೆ ಇರುತ್ತದೆ. ಒಂದು ಕಾಗದದ ಪಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಸ್ವಲ್ಪ ತಿರುಚಿ. ಹಾಗೇ ಹಿಡಿದು ಅದರ ಮೇಲ್ಮೈ ಕೆಳಗೆ ಮಾಡಿ ನೋಡಿ. ಮೊದಲು ಯಾವ ಮೂಲೆ ಕೆಳಗಿತ್ತೋ ಆ ಜಾಗದಲ್ಲಿ ಮತ್ತೆ ಕೆಳಗಿನ ಮೂಲೆಯೇ ಬರುತ್ತದೆ. ಹಾಗಾಗಿ ಹಲಗೆಯದೇ ತಪ್ಪಿದ್ದರೂ ಈ ಪರೀಕ್ಷೆ ತೂತಿನ ಮೇಲೇ ಹೊರಿಸುತ್ತದೆ.

ಮೇಡಂ, ಸದ್ಯಕ್ಕೆ ಒಂದು ತೂತನ್ನೂ ಮುಚ್ಚಬೇಡಿ, ದಯವಿಟ್ಟು. ಮೊದಲು ಹಲಗೆಯನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲಿಟ್ಟು ಮೂಲೆ ಒತ್ತಿ. ಅಲ್ಲಿ ಆಡದಿದ್ದರೆ ಹಲಗೆ ಸರಿ ಇದೆ. ಹಲಗೆ ನಡುವೆ ಬಗ್ಗಿದ್ದರೂ ನಾಲ್ಕು ಮೂಲೆ ಪಿನ್ ಮೇಲೆ ಕೂರುತ್ತವೆ. ಮೂಲೆ ಆಡಬೇಕು ಅಂದರೆ ತಿರುಚು ಇರಲೇಬೇಕು, ಹಲಗೆಯಲ್ಲೋ ಪಿನ್‌ಗಳಲ್ಲೋ.

ಆಮೇಲೆ ಟೇಪು ಹಿಡಿದು, ಪಕ್ಕದ ಹಲಗೆಯ ಬುಡದಿಂದ ಒಂದೊಂದು ತೂತಿಗೂ ಅಳೆಯಿರಿ. ಒಂದು ಸಾಲು ಪೂರ್ತಿ ಒಂದೇ ಅಳತೆಯಷ್ಟು ಕೆಳಗಿದ್ದರೆ ಕೊರೆಯುವಾಗ ತೂತಿನ ಅಳತೆಗೆ ಇಟ್ಟ ಮಾದರಿ ಪಟ್ಟಿ ಸರಿದಿದೆ. ಮೇಲೆ ಹೋದಂತೆ ವ್ಯತ್ಯಾಸ ಜಾಸ್ತಿಯಾಗುತ್ತಿದ್ದರೆ ಪಟ್ಟಿಯನ್ನು ಎತ್ತಿ ಎತ್ತಿ ಇಡುವಾಗ ತಪ್ಪು ಕೂಡುತ್ತಾ ಹೋಗಿದೆ. ಅಲ್ಲೊಂದು ಇಲ್ಲೊಂದು ತಪ್ಪಿದ್ದರೆ ಡ್ರಿಲ್ ಬಿಟ್ ಜಾರಿದೆ.

ಅಂದಹಾಗೆ, ಎಲ್ಲ ಎತ್ತರದಲ್ಲೂ ಅದೇ ಮೂಲೆ, ಅದೇ 2 ಎಂಎಂ ಸಂದು ಬರುತ್ತಿದೆಯಾ? ಉಗ್ರಾಣದ ನೆಲಕ್ಕೆ ವಾಟ ಇದೆಯಾ?

ತೀರ್ಥಹಳ್ಳಿ ಮನೆ:
ಗ್ರಾನೈಟ್ ಮೇಲೆ ಹಲಗೆ ಆಡುವುದಿಲ್ಲ ಸರ್. ಮೇಲೆ ಇಟ್ಟರೂ ಕೆಳಗೆ ಇಟ್ಟರೂ ಅದೇ ಬಲ ಮೂಲೆ, ಹೆಚ್ಚುಕಡಿಮೆ ಅಷ್ಟೇ ಸಂದು. ತೂತುಗಳ ಅಳತೆ ಒಂದು ಬಿಟ್ಟರೆ ಎಲ್ಲ ತಾಳೆಯಾಗುತ್ತಿದೆ. ನೆಲ ಹಳೇ ರೆಡ್ ಆಕ್ಸೈಡ್. ತೊಳೆದ ನೀರು ಬಾಗಿಲ ಕಡೆ ಹೋಗಲಿ ಅಂತ ವಾಟ ಕೊಟ್ಟಿದ್ದಾರೆ.

ಉಳಿಬಾಚಿ:
ಹಾಗಾದರೆ ತಿರುಚಿಕೊಂಡಿರುವುದು ಇಡೀ ಪೆಟ್ಟಿಗೆ. ಬಲ ಮುಂಗಾಲು ತಗ್ಗಿನಲ್ಲಿದೆ. ಬಲಪಕ್ಕದ ಹಲಗೆ ಮುಂದಕ್ಕೆ ವಾಲಿದೆ, ಎಡದ್ದು ನೆಟ್ಟಗಿದೆ. ಅದರ ಜೊತೆ ಪಿನ್‌ಗಳೂ ವಾಲಿವೆ.

ಬದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ, ಎರಡೂ ಪಕ್ಕದ ಹಲಗೆಗಳ ಮುಂದಿನ ಅಂಚು ಒಂದರ ಹಿಂದೊಂದು ಕೂರುತ್ತಾ ನೋಡಿ. ನಿಮ್ಮ ಪಿನ್‌ಗಳ ನಡುವೆ ಸುಮಾರು 30 ಸೆಂಟಿಮೀಟರ್ ಇರಬಹುದು. ಎತ್ತರ ಅದರ ಆರು ಪಟ್ಟು. ಹಾಗಾಗಿ ಪಿನ್ ಹತ್ತಿರ 2 ಎಂಎಂ ಇದ್ದದ್ದು ಮೇಲ್ತುದಿಯಲ್ಲಿ 12 ಎಂಎಂ ಆಗಿ ಕಣ್ಣಿಗೆ ಹೊಡೆಯುತ್ತದೆ.

ಪರಿಹಾರ ಸುಲಭ. ಆ ಮುಂಗಾಲಿನ ಕೆಳಗೆ 1 ಎಂಎಂ ಮೈಕಾ ತುಂಡು ಒಂದೊಂದಾಗಿ ತೂರಿಸುತ್ತಾ ಹೋಗಿ. ರಟ್ಟು ಬೇಡ, ನೆಲ ತೊಳೆದಾಗ ನೀರು ಕುಡಿದು ಕುಸಿಯುತ್ತದೆ.

ಕುಡ್ಲದವ:
ಸರಿ ಸಾರ್, ಕಾಗದದ ಪಟ್ಟಿ ತಿರುಚಿ ನೋಡಿದೆ, ನೀವು ಹೇಳಿದ ಹಾಗೇ ಇದೆ. ಆದರೆ ಹಿಂಬದಿಗೆ 6 ಎಂಎಂ ಪ್ಲೈ ಹೊಡೆದುಬಿಟ್ಟರೆ ಈ ಬೆಣೆ ಕೆಲಸವೇ ಬೇಡ ಅಲ್ವಾ?

ಉಳಿಬಾಚಿ:
ಹಿಂಬದಿ ಪ್ಲೈ ಹಾಕಿದರೆ ಒಳ್ಳೆಯದೇ. ಪೆಟ್ಟಿಗೆ ಎಡಕ್ಕೋ ಬಲಕ್ಕೋ ವಾಲುವುದು ನಿಲ್ಲುತ್ತದೆ. ಆದರೆ ತಿರುಚು ಹೋಗುವುದಿಲ್ಲ. ಮುಚ್ಚಳ ತೆಗೆದ ಚಪ್ಪಲಿ ಡಬ್ಬದ ಹಾಗೆ, ಐದು ಕಡೆ ಮುಚ್ಚಿದ್ದರೂ ಒಂದು ಕಡೆ ತೆರೆದಿದ್ದರೆ ಪೆಟ್ಟಿಗೆ ತಿರುಚಿಕೊಳ್ಳುತ್ತದೆ. ತಿರುಚು ಇದ್ದಾಗಲೇ ಪ್ಲೈ ಹೊಡೆದರೆ ಮೊಳೆಗಳು ಅದನ್ನೇ ಹಿಡಿದಿಡುತ್ತವೆ, ಆಮೇಲೆ ಬಿಡಿಸುವುದು ಇನ್ನೂ ಕಷ್ಟ. ಮೊದಲು ಕಾಲು ಸಮ ಮಾಡಿ, ಆಮೇಲೆ ಪ್ಲೈ.

ತೀರ್ಥಹಳ್ಳಿ ಮನೆ:
ಮೂರನೇ ಮೈಕಾ ತುಂಡು ತೂರಿಸುತ್ತಿದ್ದಂತೆ ಹಲಗೆ ನಾಲ್ಕೂ ಪಿನ್ ಮೇಲೆ ಕೂತಿತು! ಅಂಚುಗಳೂ ಈಗ ಒಂದರ ಹಿಂದೊಂದು ಸರಿಯಾಗಿ ಕಾಣುತ್ತಿವೆ. ತುಂಬಾ ಖುಷಿಯಾಯಿತು ಸರ್. ಅಳತೆ ತಪ್ಪಿದ ಆ ಒಂದು ತೂತು ಮಾತ್ರ ಉಳಿದಿದೆ, 1 ಎಂಎಂ ಮೇಲಿದೆ. ಎಣ್ಣೆ ಡಬ್ಬದ ಹಲಗೆ ಅಲ್ಲೇ ಬರಬೇಕು. ಜೊತೆಗೆ 15 ಕೆಜಿ ಡಬ್ಬ ಇಟ್ಟಾಗ ನಡುವೆ ಸ್ವಲ್ಪ ಬಾಗುತ್ತಲೂ ಇದೆ.

ಉಳಿಬಾಚಿ:
ಆ ತೂತನ್ನು 8 ಎಂಎಂಗೆ ದೊಡ್ಡದು ಮಾಡಿ. ಪಕ್ಕದ ಹಲಗೆ 18 ಎಂಎಂ ಮಾತ್ರ, ಆಚೆಗೆ ತೂರದ ಹಾಗೆ ಬಿಟ್‌ಗೆ 12 ಎಂಎಂಗೆ ಟೇಪ್ ಸುತ್ತಿಕೊಳ್ಳಿ. 8 ಎಂಎಂ ಮರದ ಡೋವೆಲ್‌ಗೆ (ಗುಂಡನೆಯ ಕಡ್ಡಿಗೆ) ಫೆವಿಕಾಲ್ ಹಚ್ಚಿ ಬಡಿದು, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಉಳಿಯಿಂದ ಸಮ ಕೆತ್ತಿ, ಸರಿಯಾದ ಜಾಗಕ್ಕೆ ಸೂಜಿಯಲ್ಲಿ ಚುಕ್ಕೆ ಒತ್ತಿ ಕೊರೆಯಿರಿ. ಬರೀ ಪುಟ್ಟಿ ತುಂಬಿ ಕೊರೆದರೆ ಭಾರಕ್ಕೆ ಪುಡಿಯಾಗಿ ಬೀಳುತ್ತದೆ.

ಬಾಗುವುದಕ್ಕೆ: ಹಲಗೆಯ ಉದ್ದ ಎರಡು ಪಟ್ಟಾದರೆ, ಅದೇ ಡಬ್ಬಕ್ಕೆ ಬಾಗು ಎಂಟು ಪಟ್ಟಾಗುತ್ತದೆ. ನಿಮ್ಮ 32 ಇಂಚು ಭಾರದ ಸಾಮಾನಿಗೆ ಸ್ವಲ್ಪ ಜಾಸ್ತಿಯೇ. ಮುಂದಿನ ಅಂಚಿಗೆ 18 ಎಂಎಂ ದಪ್ಪ, 40 ಎಂಎಂ ಎತ್ತರದ ಗಟ್ಟಿಮರದ ಪಟ್ಟಿಯನ್ನು ಕೆಳಮುಖವಾಗಿ ಅಂಟಿಸಿ. ಹಲಸಾದರೂ ಸರಿ, ಸಾಗುವಾನಿಯಾದರೂ ಸರಿ. ಪಿನ್‌ಗೆ ಅಡ್ಡ ಬರದ ಹಾಗೆ ನೋಡಿಕೊಳ್ಳಿ. ಪ್ಲೈನ ಮೇಲ್ಪದರದ ನಾರು ಹಲಗೆಯ ಉದ್ದಕ್ಕೇ ಇದೆಯಾ ಅಂತಲೂ ನೋಡಿ. ಶೀಟ್ ಉಳಿಸಲು ಅಡ್ಡ ಕೊಯ್ದ ಹಲಗೆ ಬೇಗ ಬಗ್ಗುತ್ತದೆ. ಅಂಥದ್ದನ್ನು ಮಸಾಲೆ ಡಬ್ಬಿಗೆ ಇಟ್ಟುಕೊಳ್ಳಿ. ಎಣ್ಣೆ ಡಬ್ಬ ಸಾಧ್ಯವಾದಷ್ಟೂ ಪಕ್ಕದ ಹಲಗೆಗೆ ಒತ್ತಿಕೊಂಡಿರಲಿ. 25 ಕೆಜಿ ಅಕ್ಕಿ ಚೀಲ ಬುಡದಲ್ಲೇ ಇರಲಿ.

ತೀರ್ಥಹಳ್ಳಿ ಮನೆ:
ಮನೆಯಲ್ಲಿ ಚಿಕ್ಕ ಮಗು ಇದೆ, ಗೋಡೆಗೂ ಬಿಗಿಯಬೇಕು ಅಂತಿದ್ದೇನೆ. ಮೇಲೆ ಎರಡು ಎಲ್ ಕ್ಲ್ಯಾಂಪ್ ಸಾಕಾ?

ಉಳಿಬಾಚಿ:
ಸಾಕು, ಖಂಡಿತ ಬಿಗಿಯಿರಿ. ಮಗು ಹತ್ತಲು ನೋಡೇ ನೋಡುತ್ತದೆ. ಆದರೆ ಹಳೇ ಗೋಡೆ ನೆಟ್ಟಗಿರುವುದು ಕಡಿಮೆ. ಕ್ಲ್ಯಾಂಪ್ ಮತ್ತು ಗೋಡೆಯ ನಡುವೆ ಸಂದಿದ್ದರೆ ಸ್ಕ್ರೂ ಬಿಗಿದಂತೆ ಆ ಮೂಲೆ ಹಿಂದಕ್ಕೆ ಎಳೆದುಕೊಂಡು ಮತ್ತೆ ತಿರುಚು ಬರುತ್ತದೆ. ಸಂದು ಎಷ್ಟಿದೆಯೋ ಅಷ್ಟು ಪ್ಲೈ ತುಂಡು ಇಟ್ಟು ಬಿಗಿಯಿರಿ. ಒಂದೊಂದು ಸ್ಕ್ರೂ ಆದಮೇಲೂ ಹಲಗೆಯ ಬಲ ಮೂಲೆ ಒತ್ತಿ ನೋಡಿ. ಟಕ್ ಅಂದರೆ ಅರ್ಧ ಸುತ್ತು ಸಡಿಲಿಸಿ.