ಭಾವ ತೀರಿಕೊಂಡು ಐದು ದಿನ: ಅಕ್ಕನ ಮನೆಯಲ್ಲಿ ಈಗ ಏನು ಮಾಡಬೇಕು, ಏನನ್ನು ಮುಂದೆ ಹಾಕಬಹುದು?

ಹೊಳೆದಂಡೆ:
ಭಾವನವರಿಗೆ 46 ವರ್ಷ. ದಾವಣಗೆರೆಯ ಬಾಡಿಗೆ ಮನೆಯಲ್ಲೇ ಹೃದಯಾಘಾತ ಆಯಿತು, ಮಣ್ಣು ಮಾಡಿದ್ದು ಹೊನ್ನಾಳಿ ಕಡೆಯ ಊರಲ್ಲಿ. ಖಾಸಗಿ ಕಾರ್ಖಾನೆಯಲ್ಲಿ ಕೆಲಸ. ಪಿಎಫ್, ಇಎಸ್‌ಐ ಎರಡೂ ಇತ್ತು. ಊರಲ್ಲಿ ಎರಡು ಎಕರೆ ಜಮೀನಿದೆ, ಪಹಣಿ ಇನ್ನೂ ಅವರ ತಂದೆಯ ಹೆಸರಲ್ಲೇ ಇದೆ (ಅವರು ಹೋಗಿ ವರ್ಷಗಳಾದವು). ಸೊಸೈಟಿ ಸಾಲ ಸ್ವಲ್ಪ ಇದೆ. ಮನೆಯಲ್ಲಿ ಅಕ್ಕ, ಎಂಟನೇ ಕ್ಲಾಸಿನ ಹುಡುಗಿ, ಎರಡನೇ ಕ್ಲಾಸಿನ ಹುಡುಗ, ಮತ್ತೆ ಅಕ್ಕನ ಅತ್ತೆ. ಅಕ್ಕನಿಗೆ ಬ್ಯಾಂಕು, ಕಚೇರಿ ಯಾವುದೂ ಅಭ್ಯಾಸವಿಲ್ಲ. ಒಬ್ಬೊಬ್ಬರು ಒಂದೊಂದು ಹೇಳ್ತಿದ್ದಾರೆ. ಯಾವುದು ಮೊದಲು?

ಕಚೇರಿದಾರಿ:
ತಿಥಿ ಮುಗಿಯೋವರೆಗೆ ಒಂದೇ ಕೆಲಸ ಸಾಕು: ಮರಣ ನೋಂದಣಿ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ನೋಂದಣಿ ಆಗಬೇಕಾದ್ದು ಜೀವ ಹೋದ ಜಾಗದಲ್ಲಿ, ಮಣ್ಣು ಮಾಡಿದ ಊರಲ್ಲಲ್ಲ. ಅಂದರೆ ದಾವಣಗೆರೆ ಪಾಲಿಕೆ. ಊರಿನ ಪಂಚಾಯ್ತಿಗೆ ಹೋಗಿ ದಿನ ಕಳೆದುಕೊಳ್ಳುವವರು ಬಹಳ. ಆಸ್ಪತ್ರೆಯಲ್ಲಿ ಹೋಗಿದ್ದರೆ ಆಸ್ಪತ್ರೆಯವರೇ ವರದಿ ಕಳಿಸುತ್ತಾರೆ. ಮನೆಯಲ್ಲಿ ಆದದ್ದರಿಂದ ಮನೆಯವರೇ ತಿಳಿಸಬೇಕು. 21 ದಿನದೊಳಗೆ ಶುಲ್ಕವಿಲ್ಲ. ಆಮೇಲೆ 30 ದಿನದವರೆಗೆ ತಡಶುಲ್ಕ. ಅದನ್ನೂ ದಾಟಿದರೆ ಮೇಲಧಿಕಾರಿಯ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ. ಕೊನೆಯಲ್ಲಿ ನೋಡಿದ ಅಥವಾ ಮೊದಲಿಂದ ಚಿಕಿತ್ಸೆ ಕೊಡುತ್ತಿದ್ದ ವೈದ್ಯರಿಂದ ಸಾವಿನ ಕಾರಣದ ಪ್ರಮಾಣಪತ್ರ ಈಗಲೇ ತೆಗೆದುಕೊಳ್ಳಿ. ತಿಂಗಳು ಬಿಟ್ಟು ಕೇಳಿದರೆ ಬರೆದುಕೊಡಲು ಹಿಂದೆಮುಂದೆ ನೋಡುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಮನೆಗಳನ್ನು ಅಲೆದಾಡಿಸುವುದು ಹೆಸರು. ಆಧಾರಿನಲ್ಲಿ ‘ಮಂಜುನಾಥ ಎಚ್’, ಪಾಸ್‌ಬುಕ್ಕಿನಲ್ಲಿ ‘ಎಚ್ ಮಂಜುನಾಥ’, ಊರಲ್ಲಿ ಕರೆಯೋದು ‘ಮಂಜಪ್ಪ’. ವರದಿ ಬರೆಸಲು ಹೋದವರು ದುಃಖದಲ್ಲಿ ಬಾಯಿಗೆ ಬಂದ ಹೆಸರು ಹೇಳಿಬಿಡುತ್ತಾರೆ. ಪ್ರಮಾಣಪತ್ರದಲ್ಲಿ ‘ಮಂಜಪ್ಪ’ ಅಂತ ಬಂದರೆ ಪಿಎಫ್, ಬ್ಯಾಂಕು, ವಿಮೆ ಮೂರೂ ಕಡೆ ‘ಈ ಇಬ್ಬರೂ ಒಬ್ಬರೇ’ ಅಂತ ಅಫಿಡವಿಟ್ ಕೇಳುತ್ತಾರೆ. ಆಧಾರ್ ಪ್ರತಿ ಎದುರಿಗಿಟ್ಟು ಅಕ್ಷರ ಅಕ್ಷರ ನೋಡಿ ಬರೆಸಿ. ತಂದೆ ಹೆಸರು, ಹೆಂಡತಿ ಹೆಸರು, ವಿಳಾಸಕ್ಕೂ ಇದೇ ಮಾತು. ಕನ್ನಡ, ಇಂಗ್ಲಿಷ್ ಎರಡೂ ಸಾಲು ಓದಿ ನೋಡಿ. ಹತ್ತು ಪ್ರತಿ ತೆಗೆಸಿಡಿ, ಬೇಕಾಗುತ್ತದೆ.

ಇದರ ಜೊತೆಗೇ ನಾಡಕಚೇರಿಯಲ್ಲಿ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣಕ್ಕೂ ವಂಶವೃಕ್ಷಕ್ಕೂ ಅರ್ಜಿ ಹಾಕುವ ತಯಾರಿ ಮಾಡಿಕೊಳ್ಳಿ. ಅತ್ತೆಯವರ ಹೆಸರು ಬಿಡಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ, ಮಕ್ಕಳ ಜೊತೆಗೆ ತಾಯಿಯೂ ಮೊದಲ ವರ್ಗದ ವಾರಸುದಾರಳು. ಬೇಕೆಂದೇ ಬಿಟ್ಟರೆ ಆ ವಂಶವೃಕ್ಷ ಮುಂದೆ ಯಾವತ್ತಾದರೂ ಬಿದ್ದುಹೋಗುತ್ತದೆ.

ಪಾಸ್‌ಬುಕ್:
ಕಾರ್ಖಾನೆಯ ಎಚ್‌ಆರ್‌ಗೆ ಈ ವಾರವೇ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ನೌಕರಿಯಲ್ಲಿ ಇದ್ದಾಗಲೇ ಹೋದವರ ಮನೆಗೆ ಪಿಎಫ್‌ನಿಂದ ಮೂರು ಸಿಗಬೇಕು. ಕೂಡಿಟ್ಟ ಹಣ, ಪಿಂಚಣಿ, ವಿಮೆ. ಮೂರಕ್ಕೂ ಸೇರಿಸಿ ಮರಣ ಪ್ರಕರಣದ ಒಂದೇ ಸಂಯುಕ್ತ ಅರ್ಜಿ ಇದೆ. ಹಳೇ ಹೆಸರಲ್ಲಿ ಕೇಳಿದರೆ ಫಾರಂ 20, 10ಡಿ, 5ಐಎಫ್. ಬಹಳ ಜನ ಮೊದಲನೆಯದನ್ನು ಪಡೆದು ‘ಪಿಎಫ್ ಬಂತು’ ಅಂತ ಸುಮ್ಮನಾಗುತ್ತಾರೆ. ವಿಮೆ (ಇಡಿಎಲ್‌ಐ) ಬೇರೆಯೇ. ಸಾಯುವ ಮುಂಚೆ ಸತತ ಹನ್ನೆರಡು ತಿಂಗಳು ನೌಕರಿಯಲ್ಲಿದ್ದವರಿಗೆ ಕನಿಷ್ಠ ₹2.5 ಲಕ್ಷ, ಗರಿಷ್ಠ ₹7 ಲಕ್ಷ. ನೌಕರನ ಸಂಬಳದಿಂದ ಇದಕ್ಕೆ ಏನೂ ಕಡಿತವಾಗಿರುವುದಿಲ್ಲ, ಅದಕ್ಕೇ ಮನೆಯವರಿಗೆ ಗೊತ್ತೇ ಇರುವುದಿಲ್ಲ. ಸಾವು ಕೆಲಸದ ಜಾಗದಲ್ಲೇ ಆಗಿರಬೇಕು ಅಂತೇನಿಲ್ಲ.

ಪಿಂಚಣಿ ಅಕ್ಕನಿಗೆ ಬರುತ್ತದೆ. ಅದರ ಜೊತೆ ಇಬ್ಬರು ಮಕ್ಕಳಿಗೆ, ಅಕ್ಕನ ಪಿಂಚಣಿಯ ಶೇ. 25ರಂತೆ ಒಬ್ಬೊಬ್ಬರಿಗೂ, 25 ವರ್ಷ ತುಂಬುವವರೆಗೆ. ಮಕ್ಕಳ ಹೆಸರಲ್ಲಿ ಬೇರೆ ಬೇರೆ ಖಾತೆ ಬೇಕಾಗುತ್ತದೆ, ಈಗಲೇ ತೆರೆಯಿಸಿ.

ಇಎಸ್‌ಐನಲ್ಲಿ ಅಂತ್ಯಕ್ರಿಯೆ ವೆಚ್ಚ ₹15,000ವರೆಗೆ ಇದೆ, ಮೂರು ತಿಂಗಳೊಳಗೆ ಕೇಳಬೇಕು. ಗ್ರಾಚ್ಯುಟಿಗೆ (ಮಾಡಿದ ಸೇವೆಗಾಗಿ ಕಾರ್ಖಾನೆ ಒಟ್ಟಿಗೆ ಕೊಡುವ ಹಣ) ಐದು ವರ್ಷ ಸೇವೆ ಆಗಿರಬೇಕು ಅನ್ನುವ ನಿಯಮ ಸಾವಿನ ಪ್ರಕರಣಕ್ಕೆ ಅನ್ವಯಿಸದು. ‘ಐದು ವರ್ಷ ಆಗಿಲ್ಲ’ ಅಂದರೆ ಒಪ್ಪಬೇಡಿ.

ಮುಂದೆ, ಭಾವನವರ ಎಲ್ಲ ಪಾಸ್‌ಬುಕ್ಕುಗಳನ್ನೂ ಎಂಟ್ರಿ ಹಾಕಿಸಿ. ಮೇ ಕೊನೆಯಲ್ಲೋ ಜೂನ್ ಶುರುವಲ್ಲೋ ₹436 ಕಡಿತವಾದ ಸಾಲು ಹುಡುಕಿ. ಇದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ. ಯಾವ ಕಾರಣಕ್ಕೆ ಸತ್ತರೂ ₹2 ಲಕ್ಷ. ಅರ್ಜಿಯನ್ನು ಅದೇ ಬ್ಯಾಂಕ್ ಶಾಖೆಗೆ, ಆದಷ್ಟು 30 ದಿನದೊಳಗೆ ಕೊಡಿ. ₹20 ಕಡಿತ ಇದ್ದರೆ ಅದು ಅಪಘಾತ ವಿಮೆ, ಹೃದಯಾಘಾತಕ್ಕೆ ಬಾರದು. ಪಡಿತರ ಚೀಟಿ ಬಿಪಿಎಲ್ ಆಗಿದ್ದರೆ ದುಡಿಯುವವರು 18ರಿಂದ 59 ವಯಸ್ಸಿನೊಳಗೆ ಹೋದಾಗ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯ ₹20,000 ಇದೆ. ನಾಡಕಚೇರಿಯಲ್ಲಿ ವಿಚಾರಿಸಿ.

ಹೊಳೆದಂಡೆ:
ತುಂಬಾ ಉಪಕಾರ. ಇನ್ನೂ ಮೂರು ವಿಷಯ. ಎಟಿಎಂ ಕಾರ್ಡಿನ ಪಿನ್ ಗೊತ್ತು, ಖರ್ಚಿಗೆ ತೆಗೆಯಿರಿ ಅಂತಿದ್ದಾರೆ. ಊರಿನ ದಾಯಾದಿಗಳು ‘ಎಲ್ಲರೂ ಸೇರಿದ್ದಾರೆ, ಹನ್ನೊಂದನೇ ದಿನವೇ ಜಮೀನಿನ ಕಾಗದಕ್ಕೆ ಸಹಿ ಆಗಿಬಿಡಲಿ’ ಅಂತಿದ್ದಾರೆ. ಚಿಕ್ಕವನಿಗೆ ‘ಅಪ್ಪ ಊರಿಗೆ ಹೋಗಿದ್ದಾನೆ’ ಅಂತ ಹೇಳಿದ್ದಾರೆ, ದಿನಾ ಬಾಗಿಲಲ್ಲಿ ನಿಲ್ಲುತ್ತಾನೆ.

ಪಾಸ್‌ಬುಕ್:
ಕಾರ್ಡು, ಫೋನ್‌ಪೇ ಯಾವುದನ್ನೂ ಮುಟ್ಟಬೇಡಿ. ಸಾವಿನ ದಿನಾಂಕದ ನಂತರದ ವಹಿವಾಟು ಪಾಸ್‌ಬುಕ್ಕಿನಲ್ಲಿ ಹಾಗೇ ನಿಲ್ಲುತ್ತದೆ, ನಾಳೆ ಪಾಲಿನ ಜಗಳಕ್ಕೆ ಅದೇ ಸಾಕ್ಷಿ. ಖರ್ಚಿಗೆ ನೀವೇ ಕೈಸಾಲ ಕೊಟ್ಟು ಬರೆದಿಡಿ. ನಾಮಿನಿ ಇದ್ದರೆ ಬ್ಯಾಂಕು ಕೋರ್ಟಿನ ವಾರಸಾ ಪ್ರಮಾಣಪತ್ರ ಕೇಳುವಂತಿಲ್ಲ, ದಾಖಲೆ ಪೂರ್ತಿ ಕೊಟ್ಟ 15 ದಿನದಲ್ಲಿ ಇತ್ಯರ್ಥ ಮಾಡಬೇಕು. ಆದರೆ ನಾಮಿನಿ ಹಣ ಪಡೆಯುವವರಷ್ಟೆ, ಹಕ್ಕು ಎಲ್ಲ ವಾರಸುದಾರರದು. ಸಿಮ್ ಮಾತ್ರ ನಿಲ್ಲಿಸಬೇಡಿ, ರೀಚಾರ್ಜ್ ಮಾಡಿಸುತ್ತಿರಿ. ಗೊತ್ತಿಲ್ಲದ ಪಾಲಿಸಿ, ಚೀಟಿ, ಸಾಲ ಎಲ್ಲದರ ಮೆಸೇಜು ಅಲ್ಲಿಗೇ ಬರುತ್ತದೆ.

ಮೇರೆಕಲ್ಲು:
ಹನ್ನೊಂದನೇ ದಿನ ಯಾವ ಕಾಗದಕ್ಕೂ ಸಹಿ ಬೇಡ, ಖಾಲಿ ಸ್ಟಾಂಪ್ ಪೇಪರಿಗಂತೂ ಬೇಡವೇ ಬೇಡ. ಪೌತಿ ಖಾತೆಗೆ (ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಅಂಥ ಅವಸರವೇನೂ ಇಲ್ಲ. ಪಹಣಿ ಮಕ್ಕಳ ಅಜ್ಜನ, ಅಂದರೆ ಭಾವನವರ ತಂದೆಯ, ಹೆಸರಲ್ಲಿರುವುದರಿಂದ ಮೊದಲು ಅಜ್ಜನ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷವೂ ಅಜ್ಜನಿಂದಲೇ ಶುರುವಾಗಬೇಕು, ಅವರ ಹೆಣ್ಣುಮಕ್ಕಳೂ ಸೇರಿ. ಆ ಸಾವು ನೋಂದಣಿ ಆಗಿಲ್ಲದಿದ್ದರೆ ಅದೇ ಮೊದಲ ಕೆಲಸ. ಪೌತಿಯಲ್ಲಿ ಎಲ್ಲ ವಾರಸುದಾರರ ಹೆಸರೂ ಜಂಟಿಯಾಗಿ ಕೂರುತ್ತದೆ. ಪಾಲು ಮಾಡಿಕೊಳ್ಳುವುದು, ಹಕ್ಕು ಬಿಡುವುದು ಬೇರೆ ಕೆಲಸ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗುವ ಪತ್ರ. ಪೌತಿ ಅಂತ ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಇಂಥ ದಿನಗಳಲ್ಲೇ. ಮಕ್ಕಳಿಬ್ಬರೂ ಅಪ್ರಾಪ್ತರು. ಅವರ ಪಾಲಿಗೆ ಬಂದ ಸ್ವತ್ತನ್ನು ತಾಯಿಯಾದರೂ ಕೋರ್ಟಿನ ಅನುಮತಿ ಇಲ್ಲದೆ ಮಾರುವಂತಿಲ್ಲ.

ಸೊಸೈಟಿ ಸಾಲಕ್ಕೆ ವಾರಸುದಾರರ ಹೊಣೆ ಅವರಿಗೆ ಬಂದ ಆಸ್ತಿಯ ಮಟ್ಟಿಗೆ. ಅಕ್ಕನ ಹೆಸರಿಗೆ ಹೊಸ ಸಾಲವಾಗಿ ಬರೆಸಿಕೊಳ್ಳಲು ಬಂದರೆ ಒಪ್ಪುವ ಮೊದಲು, ಸಾಲ ಕೊಡುವಾಗ ಸಾಲಕ್ಕೆ ವಿಮೆ ಮಾಡಿಸಿದ್ದರಾ ಅಂತ ಲಿಖಿತವಾಗಿ ಕೇಳಿ.

ಬೈಕ್ ಇದ್ದರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವರ್ಗಾವಣೆಗೆ ಹಾಕಿ.

ಮಡಿಲು:
ಚಿಕ್ಕವನಿಗೆ ಇವತ್ತೇ ನಿಜ ಹೇಳಿ. ಅಕ್ಕನೇ ಹೇಳಬೇಕು, ಆಗದಿದ್ದರೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವು. ‘ಅಪ್ಪನ ಹೃದಯ ನಿಂತುಹೋಯಿತು, ಡಾಕ್ಟರಿಗೂ ಉಳಿಸೋಕೆ ಆಗಲಿಲ್ಲ, ಅಪ್ಪ ಸತ್ತುಹೋದ, ಇನ್ನು ಬರಲ್ಲ.’ ಇಷ್ಟೇ, ಈ ಮಾತಲ್ಲೇ. ಊರಿಗೆ ಹೋಗಿದ್ದಾನೆ ಅಂದರೆ ತನ್ನನ್ನು ಬಿಟ್ಟುಹೋದ ಅಂದುಕೊಳ್ಳುತ್ತಾನೆ. ನಿದ್ದೆ ಮಾಡ್ತಿದ್ದಾನೆ ಅಂದರೆ ತಾನೇ ಮಲಗಲು ಹೆದರುತ್ತಾನೆ. ಹೇಳಿದ ಮೇಲೆ ಐದು ನಿಮಿಷ ಅತ್ತು ಆಟಕ್ಕೆ ಓಡಬಹುದು, ಆ ವಯಸ್ಸಿಗೆ ಅದು ಸಹಜ. ಅದೇ ಪ್ರಶ್ನೆ ಮತ್ತೆ ಕೇಳುತ್ತಾನೆ, ಅದೇ ಉತ್ತರ ಮತ್ತೆ ಕೊಡಿ. ‘ನಾನು ಗಲಾಟೆ ಮಾಡಿದ್ದಕ್ಕಾ?’ ಅನ್ನುವ ಪ್ರಶ್ನೆ ಬಾಯಿಬಿಟ್ಟು ಕೇಳದೇ ಇರಬಹುದು, ನೀವಾಗಿಯೇ ‘ನಿನ್ನಿಂದ ಆದದ್ದಲ್ಲ’ ಅನ್ನಿ. ಹಾಸಿಗೆ ಒದ್ದೆ ಮಾಡಿದರೆ ಬೈಯಬೇಡಿ.

ಹುಡುಗಿಯ ಬಗ್ಗೆ ನನಗೆ ಹೆಚ್ಚು ಚಿಂತೆ. ಆ ವಯಸ್ಸಿನವರು ಸುಮ್ಮನೆ ಅಡುಗೆಮನೆ ಹಿಡಿದುಬಿಡುತ್ತಾರೆ, ಎಲ್ಲರೂ ‘ಎಷ್ಟು ಗಟ್ಟಿ ಹುಡುಗಿ’ ಅನ್ನುತ್ತಾರೆ. ‘ಇನ್ನು ಮನೆಗೆ ನೀನೇ ದಿಕ್ಕು’ ಅನ್ನುವ ಮಾತನ್ನು ಯಾರೂ ಅವಳ ಕಿವಿಗೆ ಹಾಕದಂತೆ ನೋಡಿಕೊಳ್ಳಿ. ಕ್ಲಾಸ್ ಟೀಚರಿಗೆ ವಿಷಯ ಮುಂಚೆಯೇ ತಿಳಿಸಿ ಶಾಲೆಗೆ ಬೇಗ ಕಳಿಸಿ.

ಅತ್ತೆಯವರ ಬಿಪಿ, ಸಕ್ಕರೆ ಮಾತ್ರೆ ಯಾರ ಕೈಯಲ್ಲಿದೆ ಅಂತ ಈಗಲೇ ನೋಡಿ. ಉಪವಾಸ, ನಿದ್ದೆಗೇಡು, ಮಾತ್ರೆ ತಪ್ಪುವುದು ಮೂರೂ ಸೇರಿ ಇಂಥ ಮನೆಯಲ್ಲಿ ಎರಡನೇ ಸಲ ಆಸ್ಪತ್ರೆಗೆ ಓಡಬೇಕಾಗುತ್ತದೆ. ಮಗನನ್ನು ಕಳೆದುಕೊಂಡ ತಾಯಿಯನ್ನು ಮಾತಾಡಿಸುವವರೂ ಕಡಿಮೆ, ಬಂದವರೆಲ್ಲ ಸೊಸೆಯ ಹತ್ತಿರವೇ ಕೂರುತ್ತಾರೆ. ಬಳೆ, ಕುಂಕುಮದ ಶಾಸ್ತ್ರದ ವಿಷಯದಲ್ಲಿ ಅಕ್ಕನನ್ನೇ ಒಂಟಿಯಾಗಿ ಕೇಳಿ. ಅವಳು ಬೇಡ ಅಂದರೆ ನೀವು ಎದುರಿಗೆ ನಿಲ್ಲಬೇಕು.

ತಿಥಿ ಊಟ ಮುಗಿದ ಮರುದಿನ ಮನೆ ಖಾಲಿಯಾಗುತ್ತದೆ, ಕಷ್ಟ ಶುರುವಾಗುವುದು ಆಗಲೇ. ‘ಏನಾದರೂ ಬೇಕಿದ್ದರೆ ಹೇಳು’ ಅನ್ನಬೇಡಿ, ಅವಳು ಕೇಳುವುದಿಲ್ಲ. ‘ಮಂಗಳವಾರ ಬರ್ತೀನಿ, ಬ್ಯಾಂಕಿಗೆ ಹೋಗೋಣ’ ಅನ್ನಿ. ಎಲ್ಲ ಕಾಗದ ನೀವೇ ಹೊತ್ತು ಓಡಾಡಬೇಡಿ. ಒಂದು ದಿನಕ್ಕೆ ಒಂದೇ ಕಚೇರಿ, ಅವಳೇ ಕಿಟಕಿಯಲ್ಲಿ ಮಾತಾಡಲಿ, ನೀವು ಹಿಂದೆ ನಿಲ್ಲಿ.

ಊಟ, ನಿದ್ದೆ ವಾರಗಟ್ಟಲೆ ಸರಿಹೋಗದಿದ್ದರೆ ವೈದ್ಯರಿಗೆ ತೋರಿಸಿ. ಬೇರೆಯವರ ನಿದ್ದೆ ಮಾತ್ರೆ ಕೊಡಬೇಡಿ. ‘ನಾನೂ ಹೋಗಿಬಿಡ್ತೀನಿ’ ಅನ್ನುವ ಮಾತು ಬಂದರೆ ಕಾಯುವುದೇ ಬೇಡ, ಅವಳನ್ನು ಒಂಟಿ ಬಿಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಅವಳ ಪರವಾಗಿ ನೀವು ಕರೆ ಮಾಡಿದರೂ ನಡೆಯುತ್ತದೆ.

ಕಚೇರಿದಾರಿ:
ಒಂದು ಸೇರಿಸುವುದು ಬಿಟ್ಟುಹೋಗಿತ್ತು. ಬಾಡಿಗೆ ಕರಾರು ಭಾವನವರ ಹೆಸರಲ್ಲಿದ್ದರೆ, ಅಡ್ವಾನ್ಸ್ ರಸೀದಿ ಹುಡುಕಿ ಮಾಲೀಕರ ಹತ್ತಿರ ಅಕ್ಕನ ಹೆಸರಿಗೆ ಹೊಸ ಕರಾರು ಬರೆಸಿಕೊಳ್ಳಿ. ಅಡ್ವಾನ್ಸ್ ಮೊತ್ತ ಅದರಲ್ಲಿ ನಮೂದಾಗಿರಲಿ. ಅಕ್ಕನ ವಿಳಾಸದ ದಾಖಲೆಗೂ ಅದೇ ಆಗುತ್ತದೆ.