ಸಹಾಯ ಬೇಕು: ಡೆಬ್ ಪ್ಯಾಕೇಜ್ ಅಪ್‌ಗ್ರೇಡ್ ಮಾಡಿದರೆ ಬಳಕೆದಾರರ ಡೇಟಾ ಅಳಿಸಿಹೋಗುತ್ತಿದೆ

ಡೆಬಿಯನ್ ಲಿನಕ್ಸ್‌ನ ಪ್ಯಾಕೇಜಿಂಗ್ (ತಂತ್ರಾಂಶವನ್ನು .deb ಕಡತವಾಗಿ ಕಟ್ಟುವ ಕೆಲಸ) ಬಲ್ಲವರು ದಯವಿಟ್ಟು ನೋಡಿ. ಬಳಕೆದಾರರ ಯಂತ್ರಗಳಲ್ಲಿ ಈಗಾಗಲೇ ಇರುವ ನಮ್ಮ ಪ್ಯಾಕೇಜಿನ 1.2 ಆವೃತ್ತಿಯ ಪೋಸ್ಟ್‌ಆರ್‌ಎಂ ಸ್ಕ್ರಿಪ್ಟ್ (ಪ್ಯಾಕೇಜ್ ತೆಗೆದ ಮೇಲೆ ಅಥವಾ ಬದಲಿಸಿದ ಮೇಲೆ ಓಡುವುದು), ತನಗೆ ಬಂದ ಮೊದಲ ಆರ್ಗ್ಯುಮೆಂಟ್ 'ಪರ್ಜ್' (ಎಲ್ಲವನ್ನೂ ಪೂರ್ತಿ ಅಳಿಸು) ಹೌದೋ ಅಲ್ಲವೋ ಎಂದು ನೋಡುವುದೇ ಇಲ್ಲ. ಹಾಗಾಗಿ 'ಅಪ್‌ಗ್ರೇಡ್' ಎಂದು ಕರೆದಾಗಲೂ ವಾರ್-ಲಿಬ್ (/var/lib) ಅಡಿಯ ಡೇಟಾ ಫೋಲ್ಡರ್ ಅಳಿಸಿಬಿಡುತ್ತದೆ.

1.3ರಲ್ಲಿ ಸ್ಕ್ರಿಪ್ಟ್ ಸರಿಪಡಿಸಿದರೆ ಸಾಲದು. ಪ್ಯಾಕೇಜ್ ಹಾಕುವ ಸಾಧನ ಡಿಪಿಕೆಜಿ (dpkg) ಸ್ಕ್ರಿಪ್ಟ್‌ಗಳನ್ನು ನಡೆಸುವ ಕ್ರಮ ಹೀಗೆ: ಹಳೆಯ ಪ್ರಿಆರ್‌ಎಂ (ತೆಗೆಯುವ ಮುನ್ನ ಓಡುವುದು), ಹೊಸ ಪ್ರಿಇನ್‌ಸ್ಟ್ (ಹಾಕುವ ಮುನ್ನ ಓಡುವುದು), ಫೈಲ್‌ಗಳ ಅನ್‌ಪ್ಯಾಕ್, ಹಳೆಯ ಪೋಸ್ಟ್‌ಆರ್‌ಎಂ, ಕೊನೆಗೆ ಹೊಸ ಪೋಸ್ಟ್‌ಇನ್‌ಸ್ಟ್ (ಹಾಕಿದ ಮೇಲೆ ಕಾನ್ಫಿಗರ್ ಹಂತದಲ್ಲಿ ಓಡುವುದು). ಅಂದರೆ ಅಳಿಸುವುದು ಹಳೆಯ ಕೋಡ್. ಅದಕ್ಕೆ ಮುಂಚೆ ನಮ್ಮ ಕೈಗೆ ಸಿಗುವುದು ಹೊಸ ಪ್ರಿಇನ್‌ಸ್ಟ್ ಮಾತ್ರ.

ಸದ್ಯದ ಯೋಜನೆ: ಪ್ರಿಇನ್‌ಸ್ಟ್‌ನಲ್ಲಿ ಎರಡನೇ ಆರ್ಗ್ಯುಮೆಂಟ್ (ಹಿಂದಿನ ಆವೃತ್ತಿ) 1.3ಕ್ಕಿಂತ ಹಳೆಯದೇ ಎಂದು ಡಿಪಿಕೆಜಿಯ ಕಂಪೇರ್-ವರ್ಷನ್ಸ್‌ನಿಂದ ನೋಡಿ, ಫೋಲ್ಡರ್ ಹೆಸರನ್ನು ಅದೇ ಡಿಸ್ಕ್ ವಿಭಾಗದಲ್ಲೇ ಬದಲಿಸುವುದು (ನಕಲು ಮಾಡಿದರೆ ಜಾಗ ಸಾಲದೆ ಹೋದೀತು), ಪೋಸ್ಟ್‌ಇನ್‌ಸ್ಟ್‌ನಲ್ಲಿ ಮರಳಿಸುವುದು. ಅನ್‌ಪ್ಯಾಕ್ ಹೊತ್ತಿಗೆ ಖಾಲಿ ಫೋಲ್ಡರ್ ಹುಟ್ಟಿಕೊಂಡಿದ್ದರೆ ಸಾದಾ ಎಂವಿ (ಹೆಸರು ಬದಲಿಸುವ mv ಆಜ್ಞೆ) ಹಳೆಯದನ್ನು ಅದರ ಒಳಗೆ ಹಾಕಿಬಿಡುತ್ತದೆ, ಅದಕ್ಕೇ ದೊಡ್ಡ 'ಟಿ' (-T) ಆಯ್ಕೆ ಬಳಸಿದ್ದೇನೆ. ಅಪ್‌ಗ್ರೇಡ್ ನಡುವೆ ಮುರಿದರೆ ಮರಳಿಸುವ ಕೆಲಸವನ್ನು ಹೊಸ ಪೋಸ್ಟ್‌ಆರ್‌ಎಂನ 'ಅಬಾರ್ಟ್-ಅಪ್‌ಗ್ರೇಡ್' ಭಾಗದಲ್ಲೂ ಇಟ್ಟಿದ್ದೇನೆ.

ನನ್ನ ಪ್ರಶ್ನೆಗಳು ಎರಡು. ಅನ್‌ಪ್ಯಾಕ್ ಮುಗಿದು ಪೋಸ್ಟ್‌ಇನ್‌ಸ್ಟ್ ಓಡುವ ಮೊದಲೇ ವಿದ್ಯುತ್ ಹೋದರೆ, ಮತ್ತೆ ಕಾನ್ಫಿಗರ್ ಮಾಡಿದಾಗ ಎರಡು ಸಲ ಮರಳಿಸದಂತೆ ಗುರುತು ಫೈಲ್ ಇಡಬೇಕೇ, ಅಥವಾ ಬದಲಿಸಿದ ಹೆಸರಿನ ಫೋಲ್ಡರ್ ಇದೆಯೇ ಎಂದು ನೋಡಿದರೆ ಸಾಕೇ? ಡಿಪಿಕೆಜಿಯ ಇನ್ಫೋ ಫೋಲ್ಡರ್‌ನಲ್ಲಿರುವ ಹಳೆಯ ಸ್ಕ್ರಿಪ್ಟನ್ನೇ ತಿದ್ದುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಬೇರೆ ದಾರಿಯಿಲ್ಲದೆ ಹಾಗೆ ಮಾಡಿದವರಿದ್ದರೆ ಎಲ್ಲಿ ತೊಡಕಾಯಿತು ಎಂದು ತಿಳಿಸಿ.